ಪುಲಿಗೆರೆಯ ಗಂಗಕಂದರ್ಪ ಮಾರಸಿಂಹನೂ ರಟ್ಟವಂಶದ ಕಡೆಯ ಕುಡಿಯೂ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರದವರೆಗೆ, ಶಿರಹಟ್ಟಿಯಿಂದ ಕಪ್ಪತಗುಡ್ಡದ ಮಗ್ಗುಲಲ್ಲಿ ಹಾಯ್ದು ಮುಂಡರಗಿಯಾಚೆ ತುಂಗಭದ್ರೆಯ ದಂಡೆಯವರೆಗೆ ಹಬ್ಬಿರುವ ಈ ಸೀಮೆಯನ್ನು ಸಾವಿರ ವರ್ಷಗಳ ಹಿಂದಿನ ಶಾಸನಕಾರರು ಬೇರೆ ಹೆಸರುಗಳಿಂದ ಕರೆದರು. ಗದಗ, ಲಕ್ಕುಂಡಿ, ಅಣ್ಣಿಗೇರಿಗಳ ಕಡೆಯದು ಬೆಳ್ವೊಲ ಮುನ್ನೂರು. ಇಂದಿನ ಲಕ್ಷ್ಮೇಶ್ವರವೇ ಅಂದಿನ ಪುಲಿಗೆರೆ. ಅದು ಪುಲಿಗೆರೆ ಮುನ್ನೂರಕ್ಕೆ ತಲೆಯೂರು. ಎರಡನ್ನೂ ಕೂಡಿಸಿ 'ಎರಡರುನೂರು' ಎಂದು ಬರೆಯುವ ರೂಢಿ ಇತ್ತು. ಕವಿರಾಜಮಾರ್ಗವು ಅಚ್ಚಗನ್ನಡದ ನೆಲೆಗಳನ್ನು ಎಣಿಸುವಾಗ ಪುಲಿಗೆರೆಯನ್ನು ಮರೆಯಲಿಲ್ಲ. ಆದಿಕವಿ ಪಂಪನು ತನ್ನ ಭಾರತವನ್ನು ಪುಲಿಗೆರೆಯ ತಿರುಳುಗನ್ನಡದಲ್ಲಿ ಹೇಳಿದನು. ಎರೆಮಣ್ಣಿನ ಈ ನಾಡು ಬೆಳೆಗೆ ಹೇಗೋ ಹಾಗೆ ಮಾತಿಗೂ ಹದವಾದುದಾಗಿತ್ತು. ಇಂತಹ ನಾಡು ಯಾರ ಕೈಯಲ್ಲಿದೆ ಎಂಬುದು ಆ ಕಾಲದ ಅರಸರಿಗೆ ಸಣ್ಣ ಸಂಗತಿಯಾಗಿರಲಿಲ್ಲ.

ಹತ್ತನೆಯ ಶತಮಾನದಲ್ಲಿ ಎರಡರುನೂರು ಒಂದು ಮದುವೆಯ ಬಳುವಳಿಯಾಗಿ ಕೈ ಬದಲಾಯಿಸಿತು. ರಾಷ್ಟ್ರಕೂಟ ಮೂರನೆಯ ಅಮೋಘವರ್ಷನು ತನ್ನ ಮಗಳು ರೇವಕನಿಮ್ಮಡಿಯನ್ನು ಗಂಗವಂಶದ ಇಮ್ಮಡಿ ಬೂತುಗನಿಗೆ ಕೊಟ್ಟು, ಪುಲಿಗೆರೆ ಮುನ್ನೂರು, ಬೆಳ್ವೊಲ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಇವುಗಳನ್ನು ಮಗಳ ಜೊತೆಗೆ ಕಳುಹಿಸಿದನು. ತಲಕಾಡಿನ ಮನೆತನಕ್ಕೆ ಮಳಖೇಡದ ಮನೆತನದ ಹೆಣ್ಣು. ಅವಳ ಹಿಂದೆ ಇಷ್ಟು ದೊಡ್ಡ ನೆಲ. ಮುಂದೆ 949ರಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಬೂತುಗನು ಕೊಂದಾಗ, ಭಾವಮೈದುನನಾದ ಮೂರನೆಯ ಕೃಷ್ಣನು ಈ ನಾಡುಗಳ ಜೊತೆಗೆ ಬನವಾಸಿ ಪನ್ನಿರ್ಛಾಸಿರವನ್ನೂ ಅವನಿಗೆ ಮೆಚ್ಚಿ ಕೊಟ್ಟನು. ಈ ಸಂಗತಿಯನ್ನು ತಿಳಿಸುವ ಆತಕೂರಿನ ಕಲ್ಲು ನೆಟ್ಟದ್ದು ರಾಜನ ನೆನಪಿಗಾಗಿಯಲ್ಲ, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗಾಗಿ. ಚರಿತ್ರೆಯ ದೊಡ್ಡ ಮಾತು ಎಷ್ಟೋ ಸಲ ಹೀಗೆ ಪಕ್ಕದ ಬಾಗಿಲಿನಿಂದಲೇ ಒಳಗೆ ಬರುತ್ತದೆ.

ಬೂತುಗನು ಗಂಗಪೆರ್ಮಾಡಿ ಎಂಬ ಬಿರುದಿನಿಂದ ಈ ಸೀಮೆಯಲ್ಲಿ ಹೆಸರಾದನು. ಬೆಳ್ವೊಲವನ್ನು ಆಳುತ್ತಿದ್ದಾಗ ಅಣ್ಣಿಗೇರಿಯಲ್ಲಿ ಜಿನಾಲಯವನ್ನು ಮಾಡಿಸಿದನು. ಆ ಬಸದಿಯ ಮಾತು ಮುಂದೆ ಮತ್ತೆ ಬರುತ್ತದೆ.

ಅವನ ತರುವಾಯ ರೇವಕನಿಮ್ಮಡಿಯ ಮಗ ಮರುಳದೇವ, ಮರುಳದೇವನ ಬಳಿಕ ಕಲ್ಲಬ್ಬೆ ಎಂಬ ಇನ್ನೊಬ್ಬ ರಾಣಿಯ ಮಗ ಮಾರಸಿಂಹ ಪಟ್ಟಕ್ಕೆ ಬಂದರು. ಈ ಉಪನ್ಯಾಸಕ್ಕೆ ನಾಯಕನೆಂದರೆ ಈ ಮಾರಸಿಂಹನೇ. ತಾಯಿ ಕಲ್ಲಬ್ಬೆ ಕಟ್ಟಿಸಿದ ಜಿನಾಲಯಕ್ಕಾಗಿ 962ರಲ್ಲಿ ಏಲಾಚಾರ್ಯರೆಂಬ ಮುನಿಗಳಿಗೆ ಕಾದಲೂರು ಗ್ರಾಮವನ್ನು ದತ್ತಿ ಬಿಟ್ಟವನು ಇವನು. ಗಂಗಕಂದರ್ಪ, ಗಂಗಚೂಡಾಮಣಿ, ನೊಳಂಬಕುಲಾಂತಕ, ಮಂಡಲಿಕತ್ರಿಣೇತ್ರ, ಜಗದೇಕವೀರ ಎಂದು ಅವನಿಗೆ ಬಿರುದುಗಳು ಹಲವು. ಗಂಗವಾಡಿಗೆ ಅವನು ಒಡೆಯ. ಆದರೆ ರಾಷ್ಟ್ರಕೂಟ ಚಕ್ರವರ್ತಿಯ ಎದುರು ಅವನು ಮಾಂಡಳಿಕನೇ. ಈ ಎರಡು ಸ್ಥಾನಗಳ ನಡುವೆ ಅವನ ಬಾಳು ನಡೆಯಿತು, ಅಲ್ಲಿಯೇ ಅದರ ದುಃಖವೂ ಇದೆ.

ಪುಲಿಗೆರೆಯಲ್ಲಿ ಅವನ ಹೆಸರಿನ ಬಸದಿ ಎದ್ದಿತು: ಗಂಗಕಂದರ್ಪ ಜಿನೇಂದ್ರಮಂದಿರ. ಶಕವರ್ಷ 890ರಲ್ಲಿ, ಅಂದರೆ 968-69ರಲ್ಲಿ, ಮೂಲಸಂಘದ ದೇವಗಣಕ್ಕೆ ಸೇರಿದ ಜಯದೇವ ಪಂಡಿತರಿಗೆ ಈ ಬಸದಿಗಾಗಿ ಅವನು ಭೂಮಿಯನ್ನು ಕೊಟ್ಟನು. ಲಕ್ಷ್ಮೇಶ್ವರದ ಶಂಖಬಸದಿಯಲ್ಲಿ ದೊರೆತ ಶಿಲಾಲೇಖಗಳಲ್ಲಿ ಈ ದತ್ತಿಯ ಪಾಠವಿದೆ. ಅದರ ಜೊತೆಗೇ ಆ ಕಲ್ಲುಗಳ ಮೇಲೆ ಸೇಂದ್ರಕ ದುರ್ಗಶಕ್ತಿಯ ದತ್ತಿ, ಬಾದಾಮಿ ಚಾಲುಕ್ಯ ವಿನಯಾದಿತ್ಯನ, ವಿಜಯಾದಿತ್ಯನ, ಎರಡನೆಯ ವಿಕ್ರಮಾದಿತ್ಯನ ದತ್ತಿಗಳು ಒಂದೆಡೆ ಸೇರಿವೆ. ಅವುಗಳ ಕಾಲ ಏಳು-ಎಂಟನೆಯ ಶತಮಾನ. ಅಕ್ಷರಗಳ ಕಾಲ ಮಾತ್ರ ಹತ್ತು-ಹನ್ನೊಂದನೆಯ ಶತಮಾನ. ಆದುದರಿಂದ ಇವು ಹಳೆಯ ಶಾಸನಗಳನ್ನು ನೋಡಿ ತರುವಾಯ ಕೆತ್ತಿಸಿದ ಪ್ರತಿಗಳೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಕೆಲವರು ಅವುಗಳ ಪ್ರಾಮಾಣ್ಯವನ್ನು ಶಂಕಿಸಿಯೂ ಇದ್ದಾರೆ. ಆ ಶಂಕೆಗೆ ಕಾರಣವಿಲ್ಲದಿಲ್ಲ. ಆದರೆ ಇನ್ನೊಂದು ದೃಷ್ಟಿಯಿಂದಲೂ ಆ ಕಲ್ಲುಗಳನ್ನು ನೋಡಬಹುದು. ಒಂದು ಮನೆಯವರು ಹೊಲಮನೆಗಳ ಹಳೆಯ ಪತ್ರಗಳನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿಡುವ ಹಾಗೆ, ಪುಲಿಗೆರೆಯ ಜೈನಸಂಘವು ಬೇರೆ ಬೇರೆ ವಂಶಗಳ ಅರಸರು ಕೊಟ್ಟುದನ್ನು ಒಂದೇ ಕಡೆ ಬರೆಸಿಟ್ಟಿತು. ಕೊಟ್ಟವರ ಮನೆತನಗಳು ಒಂದೊಂದಾಗಿ ಅಳಿಯುತ್ತ ಬಂದಿದ್ದವು; ಪಡೆದವರ ಪರಂಪರೆ ಮಾತ್ರ ಅಳಿದಿರಲಿಲ್ಲ.

ಮಾರಸಿಂಹನ ಯುದ್ಧಗಳ ವಿಸ್ತಾರವಾದ ಪಟ್ಟಿ ಶ್ರವಣಬೆಳ್ಗೊಳದ ಚಿಕ್ಕಬೆಟ್ಟದ ಮೇಲಿರುವ ಕೂಗೆ ಬ್ರಹ್ಮದೇವ ಕಂಬದ ಶಾಸನದಲ್ಲಿದೆ. ಕೃಷ್ಣನಿಗಾಗಿ ಉತ್ತರದೇಶವನ್ನು ಗೆದ್ದುದು, ವಿಂಧ್ಯದ ಕಿರಾತರನ್ನು ಅಡಗಿಸಿದುದು, ವಜ್ಜಳನನ್ನು ಸೋಲಿಸಿದುದು, ನೊಳಂಬರನ್ನು ಮುರಿದುದು, ಉಚ್ಚಂಗಿಯ ಕೋಟೆಯನ್ನು ಹಿಡಿದುದು ಎಲ್ಲವನ್ನೂ ಆ ಕಂಬ ಹೇಳುತ್ತದೆ. ಈ ಕಾಳಗಗಳಲ್ಲಿ ಅವನ ಬಲಗೈಯಾಗಿ ನಿಂತವನು ಚಾವುಂಡರಾಯ. ಗೋನೂರಿನ ಬಯಲಿನಲ್ಲಿಯೂ ಉಚ್ಚಂಗಿಯ ಕೋಟೆಯಲ್ಲಿಯೂ ತೋರಿದ ಸಾಹಸಕ್ಕಾಗಿ ರಾಯನಿಗೆ ವೀರಮಾರ್ತಂಡ, ರಣರಂಗಸಿಂಗ ಎಂಬ ಬಿರುದುಗಳು ಬಂದವು. ಅಹಿಂಸಾಧರ್ಮದ ಅನುಯಾಯಿಗಳು ಇಷ್ಟೊಂದು ಯುದ್ಧ ಮಾಡಿದರಲ್ಲ ಎಂದು ಕೇಳುವವರಿದ್ದಾರೆ. ಗೃಹಸ್ಥನ ಅಣುವ್ರತಕ್ಕೂ ಮುನಿಯ ಮಹಾವ್ರತಕ್ಕೂ ಇರುವ ಅಂತರವನ್ನು ಬಲ್ಲವರಿಗೆ ಆ ಪ್ರಶ್ನೆಯ ಉತ್ತರ ಗೊತ್ತಿದೆ. ಆದರೂ 'ನೊಳಂಬಕುಲಾಂತಕ', ಒಂದು ಕುಲವನ್ನೇ ಕೊನೆಗಾಣಿಸಿದವನು, ಎಂಬ ಬಿರುದನ್ನು ಓದುವಾಗ ಮನಸ್ಸು ಒಂದು ಗಳಿಗೆ ನಿಲ್ಲುತ್ತದೆ. ಬೇರೊಬ್ಬರ ವಂಶಕ್ಕೆ ಅಂತ್ಯ ತಂದೆನೆಂದು ಹೊಗಳಿಸಿಕೊಂಡ ಅರಸನೇ ತನ್ನ ತಂಗಿಯ ಗಂಡನ ಮನೆತನದ ಅಂತ್ಯವನ್ನು ಕಣ್ಣಾರೆ ಕಾಣಬೇಕಾಯಿತು.

967ರಲ್ಲಿ ಮೂರನೆಯ ಕೃಷ್ಣನು ತೀರಿಕೊಂಡನು. ತಮ್ಮನಾದ ಖೊಟ್ಟಿಗನು ಪಟ್ಟವನ್ನೇರಿದನು. 972ರಲ್ಲಿ ಮಾಳವದ ಪರಮಾರ ಸೀಯಕನು ಮಳಖೇಡಕ್ಕೆ ನುಗ್ಗಿ ರಾಜಧಾನಿಯನ್ನು ಸುಲಿದನು. ಆ ಅಪಮಾನದ ಬೆನ್ನಿಗೇ ಖೊಟ್ಟಿಗನೂ ಹೋದನು. ಅವನ ಬಳಿಕ ಬಂದ ಇಮ್ಮಡಿ ಕರ್ಕನು ಒಂದು ವರ್ಷವೂ ನೆಮ್ಮದಿಯಿಂದ ಆಳಲಿಲ್ಲ; ತರ್ದವಾಡಿಯ ಸಾಮಂತನಾಗಿದ್ದ ಚಾಲುಕ್ಯ ತೈಲಪನು 973ರಲ್ಲಿ ಅವನನ್ನು ಸೋಲಿಸಿ ಸಾಮ್ರಾಜ್ಯವನ್ನು ತನ್ನದಾಗಿಸಿಕೊಂಡನು. ಎರಡು ಶತಮಾನಗಳಿಗೂ ಮೀರಿ ನಿಂತಿದ್ದ ಸಿಂಹಾಸನವು ಆರು ವರ್ಷಗಳಲ್ಲಿ ಬರಿದಾಯಿತು. ತೈಲಪನ ಮಡದಿ ಜಾಕಬ್ಬೆಯೂ ರಟ್ಟವಂಶದ ಹೆಣ್ಣುಮಗಳೇ. ಬೀಗರು, ನಂಟರು, ಸಾಮಂತರು ಎಲ್ಲರೂ ಒಂದೇ ಬಳ್ಳಿಯ ಕುಡಿಗಳಾಗಿದ್ದ ಆ ಕಾಲದಲ್ಲಿ ರಾಜ್ಯ ಕಳೆದುಕೊಳ್ಳುವುದು ಹೊರಗಿನವರಿಂದ ಮಾತ್ರವಲ್ಲ.

ಆಗ ಉಳಿದಿದ್ದವನು ಒಬ್ಬ ತರುಣ: ಇಂದ್ರರಾಜ. ಕೃಷ್ಣನಿಗೆ ಮೊಮ್ಮಗ, ಗಂಗಗಾಂಗೇಯನೆಂಬ ಬಿರುದಿನ ಬೂತುಗನಿಗೆ ಮಗಳ ಮಗ. ಹಾಗೆಂದರೆ ಮಾರಸಿಂಹನಿಗೆ ಸೋದರಳಿಯ. ಕನ್ನಡನಾಡಿನ ಮನೆಗಳಲ್ಲಿ ಸೋದರಮಾವನ ಸ್ಥಾನ ಎಂತಹದೆಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ಮಗುವಿನ ಜಾವಳದಿಂದ ಮದುವೆಯವರೆಗೆ ಮಾವನ ಕೈ ಬೇಕು. ಮಾರಸಿಂಹನು ಅದಕ್ಕಿಂತ ದೊಡ್ಡ ಕೆಲಸಕ್ಕೆ ಕೈಯಿಕ್ಕಿದನು. ಅಳಿಯನಿಗೆ ಸಾಮ್ರಾಜ್ಯದ ಪಟ್ಟವನ್ನು ಕಟ್ಟಿದನು. ಇಂದ್ರರಾಜನಿಗೆ ಪಟ್ಟಾಭಿಷೇಕ ಮಾಡಿಸಿದುದನ್ನು ಬೆಳ್ಗೊಳದ ಕಂಬವು ಅವನ ಸಾಧನೆಗಳ ಸಾಲಿನಲ್ಲಿಯೇ ಎಣಿಸುತ್ತದೆ. ಮಾಂಡಳಿಕನು ಚಕ್ರವರ್ತಿಯನ್ನು ಮಾಡಿದ ಅಪರೂಪದ ಸನ್ನಿವೇಶ ಅದು. ಸ್ವಂತಕ್ಕಾಗಿ ರಾಜ್ಯವನ್ನು ಬಯಸಿದ್ದರೆ ತೈಲಪನೊಡನೆ ಸಂಧಿ ಮಾಡಿಕೊಂಡು ಎರಡರುನೂರನ್ನೂ ಗಂಗವಾಡಿಯನ್ನೂ ಕಾಯ್ದುಕೊಳ್ಳಲು ದಾರಿಯಿತ್ತು. ಗೆಲ್ಲುವವನ ಕಡೆಗೆ ಸರಿದ ಸಾಮಂತರು ಆ ದಿನಗಳಲ್ಲಿ ಬಹಳ ಜನ. ಮಾರಸಿಂಹನು ಆ ದಾರಿಯನ್ನು ಹಿಡಿಯಲಿಲ್ಲ. ಬೂತುಗನಿಗೆ ಬಳುವಳಿಯಾಗಿ ಬಂದ ನೆಲದ ಋಣವನ್ನು ಅವನ ಮಗನು ಈ ಬಗೆಯಲ್ಲಿ ತೀರಿಸಲೆಳಸಿದನೆಂದು ತಿಳಿಯುವುದರಲ್ಲಿ ಅತಿಶಯೋಕ್ತಿಯಿಲ್ಲ.

ಪಟ್ಟ ಕಟ್ಟಿದರೂ ರಾಜ್ಯ ಮರಳಿ ಬರಲಿಲ್ಲ. ತೈಲಪನು ಬೇರೂರಿಯಾಗಿತ್ತು. ಮಾರಸಿಂಹನು ತನ್ನ ಅರಸುತನವನ್ನು ತ್ಯಜಿಸಿದನು. ಒಂದು ವರ್ಷ ಕಳೆದ ಮೇಲೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿ, ಮೂರು ದಿನಗಳ ವ್ರತದಿಂದ ಸಮಾಧಿಯನ್ನು ಹೊಂದಿದನು. ಅದು 974ರ ಸುಮಾರಿನ ಮಾತು. ಬಂಕಾಪುರವನ್ನೇ ಅವನು ಆರಿಸಿಕೊಂಡುದು ಗಮನಿಸಬೇಕಾದ ವಿಷಯ. ರಾಷ್ಟ್ರಕೂಟರ ನಂಬುಗೆಯ ದಂಡನಾಯಕ ಬಂಕೆಯನ ಹೆಸರಿನ ಊರು ಅದು. ಬಂಕೆಯನ ಮಗ ಲೋಕಾದಿತ್ಯನು ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಅಲ್ಲಿಯೇ ಪೂಜೆ ನಡೆಯಿತು. ಒಡೆಯರ ಮನೆತನಕ್ಕೆ ತಪ್ಪದೆ ನಡೆದುಕೊಂಡವರ ಊರಿನಲ್ಲಿ ಮಾರಸಿಂಹನು ತನ್ನ ಕಡೆಯ ದಿನಗಳನ್ನು ಕಳೆದನು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳುವುದು ಅಗತ್ಯ. ಸೋತ ಅರಸನು ಬಾಳನ್ನು ಬೇಸತ್ತು ಪ್ರಾಣ ಬಿಟ್ಟನೆಂದು ಸಲ್ಲೇಖನವನ್ನು ತಿಳಿಯದವರು ಬರೆಯುವುದುಂಟು. ಶಾಸ್ತ್ರವು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಇನ್ನೂ ಬದುಕಬೇಕೆಂಬ ಆಸೆ, ಬೇಗ ಸಾಯಬೇಕೆಂಬ ಆಸೆ, ಮಿತ್ರರಲ್ಲಿ ಅನುರಾಗ, ಉಂಡ ಸುಖಗಳ ನೆನಪು, ಮುಂದಿನ ಭವದ ಫಲಾಪೇಕ್ಷೆಯಾದ ನಿದಾನ. ಬೇಸರದಿಂದ ಸಾವನ್ನು ಬಯಸುವುದು ಎರಡನೆಯ ಅತಿಚಾರವೇ ಆಗುತ್ತದೆ. ಅಂತಹ ಮನಸ್ಸಿನವನಿಗೆ ಗುರುವು ವ್ರತವನ್ನು ಕೊಡುವುದಿಲ್ಲ. ರಾಜ್ಯತ್ಯಾಗಕ್ಕೂ ವ್ರತಕ್ಕೂ ನಡುವೆ ಒಂದು ವರ್ಷ ಕಳೆಯಿತೆಂದು ಶಾಸನವು ಎಣಿಸಿ ಹೇಳುವುದರ ಅರ್ಥವನ್ನು ಇಲ್ಲಿ ಕಾಣಬೇಕು. ಸೋಲಿನ ಬಿಸಿ ಆರುವುದಕ್ಕೆ ಆ ವರ್ಷ ಬೇಕಾಗಿತ್ತು. ಮಾರಸಿಂಹನಿಗೆ ಕಠಿನವಾದುದು ಹಸಿವೆಯಲ್ಲ, ಮೂರನೆಯ ಮತ್ತು ಐದನೆಯ ಅತಿಚಾರಗಳೇ ಇರಬೇಕು. ಪಟ್ಟ ಕಟ್ಟಿದ ಅಳಿಯನು ದಿಕ್ಕಿಲ್ಲದೆ ಉಳಿದಿದ್ದಾನೆ. ಅವನ ಮೇಲಿನ ಅನುರಾಗವನ್ನು ಬಿಡಬೇಕು. ಇನ್ನೊಂದು ಜನ್ಮದಲ್ಲಾದರೂ ಈ ವಂಶವನ್ನು ಎತ್ತಿ ನಿಲ್ಲಿಸುವೆನೆಂಬ ಹಂಬಲವನ್ನೂ ಬಿಡಬೇಕು. ಕೋಟೆಯನ್ನು ಬಿಡುವುದಕ್ಕಿಂತ ಇದು ದೊಡ್ಡ ಬಿಡುಗೆ.

ತಲಕಾಡಿನಲ್ಲಿ ರಾಚಮಲ್ಲನು ಪಟ್ಟಕ್ಕೆ ಬಂದನು. ಎರಡರುನೂರಿನ ಮೇಲೆ ಮಾತ್ರ ಗಂಗರ ಹಿಡಿತ ಬಹುಕಾಲ ನಿಲ್ಲಲಿಲ್ಲ. ಗಂಗವಂಶದವನೇ ಆದ ಪಾಂಚಾಲದೇವನು ತಾನೇ ಒಡೆಯನೆಂದು ಮೆರೆದುದನ್ನು ಮುಳುಗುಂದದ 975ರ ಶಾಸನವು ತಿಳಿಸುತ್ತದೆ. ಕೆಲವೇ ವರ್ಷಗಳಲ್ಲಿ ತೈಲಪನೊಡನೆ ಹೋರಾಡಿ ಅವನೂ ತಲೆಗೊಟ್ಟನು. ರೇವಕನಿಮ್ಮಡಿಯ ಬಳುವಳಿ ನಾಡು ಅಲ್ಲಿಗೆ ಗಂಗರ ಕೈ ತಪ್ಪಿತು. ಮಗಳಿಗೆ ಕೊಟ್ಟ ನಾಲ್ಕು ನಾಡುಗಳು ನಾಲ್ಕು ದಶಕಗಳಲ್ಲಿ ಮೂರನೆಯ ಮನೆಗೆ ಸೇರಿದವು.

ಇನ್ನು ಇಂದ್ರರಾಜ. ಪಟ್ಟವಿದ್ದು ನೆಲವಿಲ್ಲದ ಚಕ್ರವರ್ತಿ. ಮಾವನ ಮರಣದ ಬಳಿಕ ಎಂಟು ವರ್ಷಗಳಷ್ಟು ಕಾಲ ಅವನು ಜೀವಿಸಿದ್ದನು. 982ರ ಮಾರ್ಚ್ 20ರಂದು ಶ್ರವಣಬೆಳ್ಗೊಳದ ಚಿಕ್ಕಬೆಟ್ಟದ ಮೇಲೆ ಅವನೂ ಸಲ್ಲೇಖನದಿಂದ ದೇಹವನ್ನು ಬಿಟ್ಟನು. ಅಲ್ಲಿಯ ಗಂಧವಾರಣ ಬಸದಿಯ ಬಳಿಯ ಕಂಬದ ಶಾಸನವು ಅವನ ನೆನಪಿನದು. ರಟ್ಟಕಂದರ್ಪ, ರಾಜಮಾರ್ತಾಂಡ, ಚಲದಂಕಕಾರ, ಕೀರ್ತಿನಾರಾಯಣ ಎಂದು ಬಿರುದುಗಳ ಸಾಲೇನೋ ಇದೆ. ಆದರೆ ಆ ಶಾಸನದ ಕವಿಯು ಅವನ ರಾಜ್ಯವನ್ನು ವರ್ಣಿಸಲಿಲ್ಲ, ವರ್ಣಿಸುವುದಕ್ಕೆ ರಾಜ್ಯವೇ ಇರಲಿಲ್ಲ. ಬದಲಾಗಿ ಪದ್ಯದ ಮೇಲೆ ಪದ್ಯವಾಗಿ ಅವನ ಕುದುರೆಯಾಟವನ್ನು ವರ್ಣಿಸಿದನು. ಕುದುರೆಯೇರಿ ಕೋಲು ಹಿಡಿದು ಚೆಂಡನ್ನು ಹೊಡೆಯುವಾಗ ಅವನು ಹೇಗೆ ಸುತ್ತುತ್ತಿದ್ದನು, ಎಡಬಲಕ್ಕೆ ಹೇಗೆ ತಿರುಗುತ್ತಿದ್ದನು ಎಂಬುದರ ನುರಿತ ವಿವರಣೆ ಅಲ್ಲಿದೆ. ಚೆಂಡಾಟದ ಇಂತಹ ವರ್ಣನೆ ಹಳಗನ್ನಡ ಶಾಸನಗಳಲ್ಲಿ ಬೇರೆಡೆ ದುರ್ಲಭ. ಒಬ್ಬ ಸತ್ತವನ ಕಲ್ಲಿನ ಮೇಲೆ ಅವನು ಆಡಿದ ಆಟವನ್ನು ಕೆತ್ತಿಸಿದವರಿಗೆ ಅವನ ಮೇಲೆ ನಿಜವಾದ ಪ್ರೀತಿಯಿತ್ತೆಂದು ಹೇಳಲು ಬೇರೆ ಸಾಕ್ಷಿ ಬೇಡ. ಸೋತವನನ್ನು ಗೆದ್ದವನೆಂದು ಅವರು ಬರೆಯಲಿಲ್ಲ. ಅವನಲ್ಲಿ ನಿಜವಾಗಿ ಇದ್ದ ಸೊಬಗನ್ನೇ ಬರೆದರು.

ಅವೇ ವರ್ಷಗಳಲ್ಲಿ ಎದುರಿನ ದೊಡ್ಡಬೆಟ್ಟದ ಮೇಲೆ ಚಾವುಂಡರಾಯನು ಗೊಮ್ಮಟೇಶ್ವರನ ಬಿಂಬವನ್ನು ನಿಲ್ಲಿಸಿದನು. ಮಾರಸಿಂಹನ ದಂಡನ್ನು ನಡೆಸಿದ ಕೈಯೇ ಬಾಹುಬಲಿಯನ್ನು ಕಡೆಯಿಸಿತು. ಗೆದ್ದ ರಾಜ್ಯವನ್ನು ಅಣ್ಣನಿಗೆ ಬಿಟ್ಟುಕೊಟ್ಟು ನಿಂತವನು ಬಾಹುಬಲಿ. ರಾಜ್ಯವನ್ನು ಗೆಲ್ಲಲಾರದೆ ಬಂದವನು ಇಂದ್ರರಾಜ. ಇಬ್ಬರೂ ಒಂದೇ ಊರಿನ ಎರಡು ಬೆಟ್ಟಗಳ ಮೇಲೆ ನೆಲೆಯಾದರು. ಕಳೆದುಕೊಂಡವನ ತ್ಯಾಗವು ಗೆದ್ದವನ ತ್ಯಾಗಕ್ಕೆ ಸಮನೆ ಎಂದು ಯಾರಾದರೂ ಕೇಳಬಹುದು. ರಾಜ್ಯವು ಕೈ ಬಿಟ್ಟುಹೋದ ಮಾತ್ರಕ್ಕೆ ರಾಜ್ಯದ ಆಸೆಯೂ ಬಿಟ್ಟುಹೋಗುವುದಿಲ್ಲ; ಇಲ್ಲದುದರ ಮೇಲಿನ ಮೂರ್ಛೆಯೂ ಪರಿಗ್ರಹವೇ. ಹಾಗೆ ನೋಡಿದರೆ ಇಂದ್ರರಾಜನಿಗೂ ಬಿಡುವುದಕ್ಕೆ ಬೇಕಾದಷ್ಟು ಇತ್ತು.

ಇಂದ್ರರಾಜನ ತರುವಾಯ ಮಳಖೇಡದ ಸಿಂಹಾಸನವನ್ನು ಕೇಳುವುದಕ್ಕೆ ಆ ಮನೆತನದಿಂದ ಯಾರೂ ಬರಲಿಲ್ಲ. ವಾರಸುದಾರನಿಲ್ಲದೆ ಒಂದು ವಂಶ ನಿಂತಾಗ ಅದು ಬಿಟ್ಟುಹೋದ ವಸ್ತು ಯಾರಿಗೆ ಸೇರಬೇಕು? ಈ ಪ್ರಶ್ನೆ ಆ ಕಾಲದಲ್ಲಿ ಅರಮನೆಯದು ಮಾತ್ರವಾಗಿರಲಿಲ್ಲ, ಊರೂರಿನದಾಗಿತ್ತು. ಮಕ್ಕಳಿಲ್ಲದೆ ಸತ್ತವನ ಸ್ವತ್ತಿಗೆ ಶಾಸನಗಳಲ್ಲಿ 'ಅಪುತ್ರಿಕ' ಎಂಬ ಹೆಸರುಂಟು. ಅಂತಹ ಸ್ವತ್ತು ಅರಸನ ಬೊಕ್ಕಸಕ್ಕೆ ಸಲ್ಲುವುದು ಹಲವೆಡೆ ವಾಡಿಕೆಯಾಗಿತ್ತು. ಗಂಡನು ಸತ್ತ ದುಃಖದಲ್ಲಿರುವ ಹೆಂಗಸಿನ ಮನೆಗೆ ಅರಸನ ಆಳುಗಳು ಬಂದು ಪಾತ್ರೆಪಡಗವನ್ನು ಎಣಿಸುವ ಕ್ರೂರ ಪದ್ಧತಿ ಅದು. ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನ ಕುಮಾರಪಾಲನು ಹೇಮಚಂದ್ರಾಚಾರ್ಯರ ಪ್ರಭಾವದಿಂದ ಈ ಆದಾಯವನ್ನೇ ಬಿಟ್ಟುಕೊಟ್ಟನೆಂದು ಜೈನ ಗ್ರಂಥಗಳು ಕೊಂಡಾಡುತ್ತವೆ. ಆದರೆ ಬಸದಿಗೆ ಕೊಟ್ಟುದರ ಗತಿ ಬೇರೆ. ಅದು ಕೊಟ್ಟವನ ಸ್ವತ್ತಾಗಿ ಉಳಿಯುವುದಿಲ್ಲ. ಆದುದರಿಂದ ಅವನು ಅಪುತ್ರನಾದರೂ ಅದು ಅಪುತ್ರಿಕವಾಗುವುದಿಲ್ಲ. ದಾನಶಾಸನಗಳ ಕೊನೆಯಲ್ಲಿ ಮುಂದೆ ಬರುವ ಅರಸರನ್ನು, ಅವರು ತನ್ನ ವಂಶದವರಾಗಲಿ ಪರವಂಶದವರಾಗಲಿ, ಈ ಧರ್ಮವನ್ನು ಕಾಯಿರಿ ಎಂದು ಬೇಡಿಕೊಳ್ಳುವ ಮಾತು ಬರುತ್ತದೆ. ಓದಿ ಓದಿ ಸವೆದ ಮಾತೆಂದು ಅದನ್ನು ದಾಟಿ ಹೋಗುವವರೇ ಹೆಚ್ಚು. 'ಪರವಂಶದವರಾಗಲಿ' ಎಂದು ಬರೆಸುವಾಗ ತನ್ನ ವಂಶ ನಿಲ್ಲದೆ ಹೋಗಬಹುದೆಂಬುದನ್ನು ದಾನಿಯು ಒಪ್ಪಿಕೊಂಡಿರುತ್ತಾನೆ.

ಆ ಮಾತು ಬರಿಯ ಶಿಷ್ಟಾಚಾರವಾಗಿತ್ತೆ? ಗದಗು ಸೀಮೆಯ ಗಾವರವಾಡದ ಶಾಸನವು ಇದಕ್ಕೆ ಉತ್ತರ ಕೊಡುತ್ತದೆ. ಅದರ ಕಾಲ 1071-72. ತಲಕಾಡು 1004ರಲ್ಲಿಯೇ ಚೋಳರ ವಶವಾಗಿ ಗಂಗರ ಅರಸುತನ ಮುಗಿದಿತ್ತು. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಚೋಳನು ಬೆಳ್ವೊಲಕ್ಕೂ ನುಗ್ಗಿ ದೇವಾಲಯಗಳನ್ನು ಸುಟ್ಟನು. ಗಂಗಪೆರ್ಮಾಡಿ ಬೂತುಗನು ಮಾಡಿಸಿದ ಜಿನಾಲಯಗಳೂ ಆ ಬೆಂಕಿಗೆ ಸಿಕ್ಕಿದವು. ಕಡೆಗೆ ತ್ರೈಲೋಕ್ಯಮಲ್ಲ ಸೋಮೇಶ್ವರನೊಡನೆ ನಡೆದ ಕಾಳಗದಲ್ಲಿ ಚೋಳನು ಮಡಿದನು. ಕೊಪ್ಪದ ರಣದಲ್ಲಿ 1054ರಲ್ಲಿ ರಾಜಾಧಿರಾಜನು ಮಡಿದುದು ಪ್ರಸಿದ್ಧವಾದ ವಿಷಯ. ಆದರೆ ಅಣ್ಣಿಗೇರಿಯ ಬಸದಿಯನ್ನು ಎತ್ತಿ ನಿಲ್ಲಿಸಬೇಕಾದವರು ಯಾರು? ಕಟ್ಟಿಸಿದ ಗಂಗರಲ್ಲಿ ಆಳುವವರಿಲ್ಲ. ಅವರಿಗೆ ನಾಡನ್ನು ಕೊಟ್ಟ ರಾಷ್ಟ್ರಕೂಟರು ಅಳಿದು ಮೂರು ತಲೆಮಾರು ಕಳೆದಿತ್ತು. ಆಳುತ್ತಿದ್ದವರು ಅವರನ್ನು ಗೆದ್ದ ಚಾಲುಕ್ಯರು.

ಭುವನೈಕಮಲ್ಲ ಸೋಮೇಶ್ವರನ ಅಧೀನದಲ್ಲಿ ಎರಡರುನೂರನ್ನು ಆಳುತ್ತಿದ್ದ ಮಾಂಡಳಿಕ ಲಕ್ಷ್ಮರಸನು ಆ ಹೊಣೆಯನ್ನು ಹೊತ್ತನು. ಬಸದಿಯ ಜೀರ್ಣೋದ್ಧಾರವನ್ನು ಮಾಡಿಸಿ, ಅದಕ್ಕೆ ಮೊದಲಿನಿಂದ ಸಲ್ಲುತ್ತಿದ್ದ ಭೂಮಿಗಳನ್ನು ತ್ರಿಭುವನಚಂದ್ರ ಪಂಡಿತರಿಗೆ ಧಾರಾಪೂರ್ವಕವಾಗಿ ಒಪ್ಪಿಸಿದನು. ಬಳ್ಳಿಗಾವೆಯಲ್ಲಿ 1068ರಲ್ಲಿ, ಸುಕುಮಾರಚರಿತೆಯ ಕವಿ ಶಾಂತಿನಾಥನ ವಿಜ್ಞಾಪನೆಯ ಮೇರೆಗೆ, ಶಾಂತಿನಾಥ ಬಸದಿಯನ್ನು ಕಲ್ಲಿನಿಂದ ಕಟ್ಟಿಸಿದ ಲಕ್ಷ್ಮನೃಪನೂ ಇವನೇ ಎಂಬುದು ವಿದ್ವಾಂಸರ ಅಭಿಪ್ರಾಯ. ಗಂಗರಿಗೂ ಅವನಿಗೂ ರಕ್ತಸಂಬಂಧವಿಲ್ಲ. ಬಸದಿಯನ್ನು ತನ್ನ ಹೆಸರಿಗೆ ತಿರುಗಿಸಿಕೊಳ್ಳುವುದು ಅವನಿಗೆ ಸುಲಭವಾಗಿತ್ತು. ಆದರೆ ಶಾಸನವು ಮೊದಲು ಬೂತುಗನ ಹೆಸರನ್ನೂ ರೇವಕನಿಮ್ಮಡಿಯ ಹೆಸರನ್ನೂ ಹೇಳಿ, ಬಸದಿಯನ್ನು ಗಂಗಪೆರ್ಮಾಡಿ ಮಾಡಿಸಿದುದೆಂದೇ ಕರೆದು, ಆಮೇಲೆ ಲಕ್ಷ್ಮರಸನ ಕಾರ್ಯಕ್ಕೆ ಬರುತ್ತದೆ. ಒಂದು ನೂರು ವರ್ಷಗಳ ಹಿಂದೆ ಅಳಿದ ಎದುರಾಳಿಯ ಮನೆತನದ ಹೆಸರನ್ನು ಹೀಗೆ ಮುಂದಿಟ್ಟ ಅಧಿಕಾರಿಗಳು ಯಾವ ಕಾಲದಲ್ಲಿಯೂ ಹೆಚ್ಚಾಗಿರಲಾರರು.

ಸೋತವರಿಗೂ ಗೆದ್ದವರಿಗೂ ನಡುವೆ ಇಂತಹ ಹಾದಿಗಳು ಮೊದಲೇ ತೆರೆದಿದ್ದವು. ಮಾರಸಿಂಹನಿಗೆ ಸಮಾಧಿಮರಣವನ್ನು ಕರುಣಿಸಿದ ಅಜಿತಸೇನಾಚಾರ್ಯರೇ ಚಾವುಂಡರಾಯನಿಗೂ ಕವಿ ರನ್ನನಿಗೂ ಗುರುಗಳು. ರನ್ನನು ಮೊದಲು ಗಂಗರ ಆಶ್ರಯದಲ್ಲಿದ್ದು ಬಳಿಕ ತೈಲಪನ ಆಸ್ಥಾನಕ್ಕೆ ಹೋದನು. ತೈಲಪನ ದಂಡನಾಯಕ ನಾಗದೇವನ ಮಡದಿ, ದಾನಚಿಂತಾಮಣಿ ಅತ್ತಿಮಬ್ಬೆಗಾಗಿ 993ರಲ್ಲಿ ಅಜಿತಪುರಾಣವನ್ನು ಬರೆದನು. ಗಂಡನನ್ನು ಕಳೆದುಕೊಂಡ ಆ ತಾಯಿ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. 1007ರ ಶಾಸನ ಅದಕ್ಕೆ ಸಾಕ್ಷಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಪೊನ್ನನು ಯಾರ ಆಸ್ಥಾನದ ಕವಿ? ತೈಲಪನು ಕಿತ್ತೊಗೆದ ರಾಷ್ಟ್ರಕೂಟರ, ಮೂರನೆಯ ಕೃಷ್ಣನ ಆಸ್ಥಾನದ ಕವಿಚಕ್ರವರ್ತಿ. ಗೆದ್ದವರ ಮನೆಯ ಹೆಣ್ಣುಮಗಳು ಸೋತವರ ಕವಿಯ ಕೃತಿಯನ್ನು ಅಳಿಯಗೊಡಲಿಲ್ಲ. ರನ್ನನು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಒಬ್ಬರು ಗಂಗರ ಕಡೆಯವರು, ಇನ್ನೊಬ್ಬರು ಚಾಲುಕ್ಯರ ಕಡೆಯವರು, ಆಡಿದುದು ಒಂದೇ ಅಂಗಳದಲ್ಲಿ.

ಗಂಗಕಂದರ್ಪನ ಹೆಸರಿನಿಂದ ಪೂಜೆಗೊಳ್ಳುವ ಬಸದಿ ಇಂದು ಲಕ್ಷ್ಮೇಶ್ವರದಲ್ಲಿಲ್ಲ. ಶಂಖಬಸದಿಯೂ ಅನಂತನಾಥ ಬಸದಿಯೂ ಇವೆ; ಶಂಖಬಸದಿಯ ಸಹಸ್ರಕೂಟ ಜಿನಬಿಂಬವನ್ನು ಕಾಣಲು ಯಾತ್ರಿಕರು ಬರುತ್ತಾರೆ. ಅಲ್ಲಿಂದ ದೂರವಲ್ಲದ ಗುಡಿಗೇರಿಯ ಒಂದು ಶಾಸನವನ್ನು ಇಲ್ಲಿ ನೆನೆಯಬೇಕು. ಬಾದಾಮಿಯ ವಿಜಯಾದಿತ್ಯನ ತಂಗಿ ಕುಂಕುಮಮಹಾದೇವಿಯು ಪುಲಿಗೆರೆಯಲ್ಲಿ ಆನೆಸೆಜ್ಜೆಯ ಬಸದಿಯನ್ನು ಕಟ್ಟಿಸಿದಳು. ಅವಳ ಜಿನಭವನಕ್ಕೆ ಗುಡಿಗೇರಿಯನ್ನು ಬಿಟ್ಟುಕೊಟ್ಟ ಸಂಗತಿ 707ರ ಶಿಗ್ಗಾವಿಯ ತಾಮ್ರಪಟಗಳಲ್ಲಿದೆ. ಅದಾದ ಮೇಲೆ ಚಾಲುಕ್ಯರು ಹೋಗಿ ರಾಷ್ಟ್ರಕೂಟರು ಬಂದರು, ಅವರೂ ಹೋದರು, ನಡುವೆ ಗಂಗರು ಬಂದು ಹೋದರು. 1076ರಲ್ಲಿ ಶ್ರೀನಂದಿ ಪಂಡಿತರೆಂಬ ಮುನಿಗಳು ಆ ಹಳೆಯ ತಾಮ್ರಶಾಸನದ ಆಧಾರದ ಮೇಲೆಯೇ ಗುಡಿಗೇರಿಯ ಹೊಲಗಳನ್ನು ಮತ್ತೆ ತಮ್ಮ ಸ್ವಾಧೀನಕ್ಕೆ ಪಡೆದುಕೊಂಡರು. 369 ವರ್ಷ ಯಾರೋ ಆ ತಗಡುಗಳನ್ನು ಒಬ್ಬರಿಂದೊಬ್ಬರಿಗೆ ಒಪ್ಪಿಸುತ್ತ ಬಂದಿದ್ದರು. ಅವರಲ್ಲಿ ಒಬ್ಬರ ಹೆಸರೂ ಬರೆದಿಲ್ಲ. ತಂಗಿಯ ಹೆಸರು, ಅಣ್ಣನ ಹೆಸರು, ಬಸದಿಯ ಹೆಸರು ಮಾತ್ರ ಗುಡಿಗೇರಿಯ ಕಲ್ಲಿನ ಮೇಲೆ ಒಂದೂ ತಪ್ಪದೆ ಇವೆ.